ಕಾಳಿಗಿಂತ ಮೊದಲು ನೀರು: ಹಿತ್ತಲಿಗೆ ಹಕ್ಕಿಗಳನ್ನು ಬರಮಾಡಿಕೊಳ್ಳುವ ಬಗೆ

"ಹಕ್ಕಿಗಳಿಗೆ ಯಾವ ಕಾಳು ಹಾಕಬೇಕು?" ಓದುಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಹಾಕಿ ಹತ್ತು ದಿನ ಆಯ್ತು, ಒಂದು ಹಕ್ಕಿಯೂ ಇತ್ತ ಸುಳಿದಿಲ್ಲ. ಏನು ತಪ್ಪಾಯ್ತು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆದು ಸಾಕಾಗಿದೆ. ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಕಾಳು ಯಾವುದು ಅನ್ನುವುದು ಐದನೆಯ ಪ್ರಶ್ನೆ. ಅದಕ್ಕಿಂತ ಮುಂಚೆ ನೀರು ಇದೆ, ಅಡಗಿ ಕೂರಲು ಪೊದೆ ಇದೆ, ಹುಳು ಇದೆ. ಇವು ಮೂರೂ ಇರುವ ಹಿತ್ತಲಿಗೆ ಕಾಳು ಹಾಕದಿದ್ದರೂ ಹಕ್ಕಿ ಬರುತ್ತದೆ. ಇವು ಇಲ್ಲದ ಹಿತ್ತಲಲ್ಲಿ ಚೀಲಗಟ್ಟಲೆ ಸುರಿದರೂ ಬರುವುದು ಪಾರಿವಾಳ, ಕಾಗೆ, ರಾತ್ರಿಯ ಹೊತ್ತು ಹೆಗ್ಗಣ.

ಬೇಕಾಗುವ ಸಾಮಾನು ಜಾಸ್ತಿಯೇನಿಲ್ಲ. ಅಗಲವಾದ, ಆಳವಿಲ್ಲದ ಒಂದು ಮಣ್ಣಿನ ತಟ್ಟೆ. ಹೂಕುಂಡದ ಅಡಿಯಲ್ಲಿ ಇಡುವಂಥದ್ದೇ ಸಾಕು. ಗಟ್ಟಿ ಬಿರುಗೂದಲಿನ ಎರಡು ಬ್ರಷ್, ಒಂದು ಜೊತೆ ರಬ್ಬರ್ ಕೈಗವಸು. ಫೀಡರ್ ಬೇಕೆನಿಸಿದರೆ ಒಂದು. ಫೀಡರ್ ಅಂದರೆ ಹಕ್ಕಿಗೆ ಆಹಾರ ಇಡುವ ತಟ್ಟೆ, ಕೊಳವೆ ಅಥವಾ ಜಾಲರಿ ಬುಟ್ಟಿ. ಅಂಗಡಿಯದೇ ಆಗಬೇಕೆಂದಿಲ್ಲ. ದುರ್ಬೀನು ಇದ್ದರೆ ಖುಷಿ, ಇಲ್ಲದಿದ್ದರೆ ನಷ್ಟವಿಲ್ಲ.

ಹಂತ 1: ಒಂದು ವಾರ ಸುಮ್ನೆ ನೋಡಿ

ಏನನ್ನೂ ಕೊಳ್ಳಬೇಡಿ, ಏನನ್ನೂ ನೇತುಹಾಕಬೇಡಿ. ಬೆಳಿಗ್ಗೆ ಬಿಸಿಲೇರುವ ಮುಂಚೆ 15 ನಿಮಿಷ, ಸಂಜೆ 15 ನಿಮಿಷ ಒಂದೇ ಜಾಗದಲ್ಲಿ ಕೂತು ನೋಡಿ. ಯಾವ ಹಕ್ಕಿ ಬಂತು, ಎಲ್ಲಿ ಕೂತಿತು, ಎತ್ತ ಹೋಯಿತು ಎಂದು ಒಂದು ಹಾಳೆಯಲ್ಲಿ ಗೀಚಿಕೊಳ್ಳಿ. ಹೆಸರು ಗೊತ್ತಿಲ್ಲವೇ? "ಕಪ್ಪು ಜುಟ್ಟು, ಬಾಲದ ಬುಡ ಕೆಂಪು" ಎಂದು ಬರೆದರೂ ನಡೆಯುತ್ತದೆ. ಕೂಗು ಕೇಳಿಸಿಕೊಂಡು ಹೆಸರು ಸೂಚಿಸುವ ಮರ್ಲಿನ್ ಎಂಬ ಆ್ಯಪ್ ಪುಕ್ಕಟೆಯಾಗಿ ಸಿಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಮಾಡಿರುವುದು. ಅದು ಹೇಳಿದ್ದನ್ನು ಕಣ್ಣಿಂದಲೂ ಖಚಿತ ಮಾಡಿಕೊಳ್ಳಿ, ಒಮ್ಮೊಮ್ಮೆ ಎಡವುತ್ತದೆ.

ನೋಡುವಾಗ ಕೊಕ್ಕಿನ ಮೇಲೆ ಗಮನ ಇರಲಿ. ಹಕ್ಕಿ ಏನು ತಿನ್ನುತ್ತದೆ ಅನ್ನುವುದು ಅಲ್ಲೇ ಬರೆದಿರುತ್ತದೆ. ಗುಬ್ಬಚ್ಚಿಯಂತೆ ಮೊಂಡು, ದಪ್ಪ ಕೊಕ್ಕಾದರೆ ಕಾಳು ಒಡೆಯುವ ಹಕ್ಕಿ. ಸೂರಕ್ಕಿಯಂತೆ ಸೂಜಿಯ ಹಾಗೆ ಬಾಗಿದ್ದರೆ ಮಕರಂದ ಹೀರುವುದು. ಸಣ್ಣಗೆ, ನೇರವಾಗಿ, ಚಿಮಟದಂತಿದ್ದರೆ ಹುಳು ಹೆಕ್ಕುವುದು. ಪಿಕಳಾರ, ಗೊರವಂಕಗಳಂಥವು ಹಣ್ಣು, ಹುಳು ಎರಡಕ್ಕೂ ಸೈ.

ಈ ವಾರದಲ್ಲೇ ನಿಮಗೊಂದು ಸತ್ಯ ಗೊತ್ತಾಗುತ್ತದೆ. ನಿಮ್ಮ ಸುತ್ತ ಇರುವ ಹಕ್ಕಿಗಳಲ್ಲಿ ಕಾಳು ತಿನ್ನುವವು ಕೆಲವೇ. ಬರೀ ಕಾಳು ಹಾಕಿದರೆ ಮಿಕ್ಕವಕ್ಕೆಲ್ಲ ನೀವು ಬಾಗಿಲು ಹಾಕಿದ ಹಾಗೆಯೇ.

ಹಂತ 2: ನೀರು ಇಡಿ

ಕಾಳು ತಿನ್ನುವುದಿರಲಿ, ಹಣ್ಣು ತಿನ್ನುವುದಿರಲಿ, ಹುಳು ತಿನ್ನುವುದಿರಲಿ, ಹೆಚ್ಚಿನವು ಮೀಯುತ್ತವೆ, ಕುಡಿಯುತ್ತವೆ. ಹಾಗಾಗಿ ಒಂದೇ ಒಂದು ಕೆಲಸ ಮಾಡಲು ಮಾತ್ರ ನಿಮಗೆ ಪುರುಸೊತ್ತು ಇದೆ ಅಂದರೆ ಇದನ್ನೇ ಮಾಡಿ, ಮಿಕ್ಕಿದ್ದನ್ನು ಬಿಡಿ.

ತಟ್ಟೆಯ ಅಂಚಿನಲ್ಲಿ ನೀರು 2–3 ಸೆಂಟಿಮೀಟರ್, ನಡುವೆ 5 ಸೆಂಟಿಮೀಟರ್. ಅದಕ್ಕಿಂತ ಆಳ ಬೇಡ. ಇಳಿಜಾರಾಗಿ ಆಳವಾಗಬೇಕು, ಒಮ್ಮೆಲೇ ಅಲ್ಲ. ಒಳಮೈ ತುಸು ಒರಟಾಗಿರಲಿ. ನುಣುಪಾದ ಪ್ಲಾಸ್ಟಿಕ್, ಸ್ಟೀಲ್, ಪಿಂಗಾಣಿ ತಟ್ಟೆಗಳಲ್ಲಿ ಕಾಲು ಜಾರುತ್ತದೆ, ಹಕ್ಕಿ ಎರಡನೇ ಸಲ ಬರುವುದಿಲ್ಲ. ಅಂಥದ್ದೇ ಇದ್ದರೆ ಒಳಗೆ ಒಂದೆರಡು ಚಪ್ಪಟೆ ಕಲ್ಲು ಇಡಿ. ಕಲ್ಲಿನ ನೆತ್ತಿ ನೀರಿಂದ ಮೇಲಿರಲಿ. ಜೇನುನೊಣಗಳಿಗೂ ಅದೇ ಕಲ್ಲು ಆಸರೆ.

ಹಕ್ಕಿ ನೀರಿಗೆ ಹೇಗೆ ಬರುತ್ತದೆಂದು ಒಮ್ಮೆ ನೋಡಿದರೆ ತಟ್ಟೆಯನ್ನು ಎಲ್ಲಿಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನೇರವಾಗಿ ಬಂದು ಇಳಿಯುವುದಿಲ್ಲ. ಮೊದಲು ಮೇಲಿನ ಕೊಂಬೆ. ಅಲ್ಲಿ ಕತ್ತು ಅತ್ತ ಇತ್ತ. ಆಮೇಲೆ ಕೆಳಗಿನ ಕೊಂಬೆ. ಅಲ್ಲೂ ಅದೇ. ಆಮೇಲೆ ತಟ್ಟೆಯ ಅಂಚು. ಒಂದು ಗುಟುಕು, ತಲೆ ಎತ್ತಿ ನುಂಗುವುದು, ಹಿಂತಿರುಗಿ ನೋಡುವುದು. ಭಯವಿಲ್ಲ ಅನಿಸಿದ ಮೇಲೇ ಎದೆ ಮುಳುಗಿಸಿ ರೆಕ್ಕೆ ಬಡಿಯುತ್ತದೆ. ಮಿಂದು ಎದ್ದ ಹಕ್ಕಿಯ ಪುಕ್ಕ ಒದ್ದೆಯಾಗಿ ಭಾರವಾಗಿರುತ್ತದೆ. ಆಗ ಅದು ಚೆನ್ನಾಗಿ ಹಾರಲಾರದು. ಬೆಕ್ಕು ಕಾಯುವುದೂ ಆ ಗಳಿಗೆಗೇ. ಆದ್ದರಿಂದ ತಟ್ಟೆಯ ಮೇಲೆ ಒಂದು ಕೊಂಬೆ ಇರಲಿ, ಪೊದೆ ಮಾತ್ರ 2–3 ಮೀಟರ್ ದೂರದಲ್ಲಿರಲಿ. ಹಾರಿ ಸೇರಿಕೊಳ್ಳುವಷ್ಟು ಹತ್ತಿರ, ಬೆಕ್ಕು ಅಲ್ಲಿಂದ ಒಂದೇ ನೆಗೆತಕ್ಕೆ ತಲುಪಲಾರದಷ್ಟು ದೂರ. ಮಧ್ಯಾಹ್ನದ ಬಿಸಿಲು ನೇರ ಬೀಳದ ಜಾಗ ಉತ್ತಮ, ಇಲ್ಲದಿದ್ದರೆ ನೀರು ಕಾದು ಪಾಚಿ ಬೇಗ ಕಟ್ಟುತ್ತದೆ.

ಸೊಳ್ಳೆಯ ಚಿಂತೆ ಎಲ್ಲರಿಗೂ ಇದೆ. ಸರಿಯಾದ ಚಿಂತೆಯೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ದಿನಾ ನೀರು ಚೆಲ್ಲಿ, ಉಜ್ಜಿ, ಹೊಸದು ತುಂಬಿದರೆ ಆ ಪ್ರಶ್ನೆಯೇ ಬರುವುದಿಲ್ಲ. ದಿನಾ ಆಗದಿದ್ದರೆ ಎರಡು ದಿನಕ್ಕೊಮ್ಮೆ, ತಪ್ಪದೆ. ನೀರಿಗೆ ಎಣ್ಣೆ, ಫಿನೈಲ್, ಸೊಳ್ಳೆ ಔಷಧಿ ಬೇಡವೇ ಬೇಡ. ಪುಕ್ಕಕ್ಕೆ ಎಣ್ಣೆ ಮೆತ್ತಿಕೊಂಡರೆ ಹಕ್ಕಿಯ ಕಥೆ ಮುಗಿಯಿತು.

ಒಂದು ಉಪಾಯ: ನಿಂತ ನೀರಿಗಿಂತ ತೊಟ್ಟಿಕ್ಕುವ ನೀರು ಹಕ್ಕಿಗಳನ್ನು ಬೇಗ ಸೆಳೆಯುತ್ತದೆ. ಹಳೇ ಬಾಟಲಿಯ ತಳಕ್ಕೆ ಸೂಜಿಯಿಂದ ತೂತು ಮಾಡಿ ತಟ್ಟೆಯ ಮೇಲೆ ಕಟ್ಟಿ. ಟಪ್ ಟಪ್ ಶಬ್ದ ದೂರದಿಂದಲೇ ಅವುಗಳ ಕಿವಿಗೆ ಬೀಳುತ್ತದೆ.

ಹಂತ 3: ಗಿಡ, ಪೊದೆ, ಕಸ, ಹುಳು

ಇಲ್ಲಿ ಜನ ಮುಖ ಸಿಂಡರಿಸುತ್ತಾರೆ. "ಹುಳು ಬರಲಿ ಅಂತೀರಾ?" ಹೌದು, ಬರಲಿ.

ಕಾಳು ತಿನ್ನುವ ಹಕ್ಕಿಗಳೂ ಮರಿಗಳಿಗೆ ಉಣಿಸುವುದು ಬಹುಪಾಲು ಹುಳುಗಳನ್ನೇ. ಗುಬ್ಬಚ್ಚಿಯೂ ಅಷ್ಟೇ. ಗೂಡಿನಲ್ಲಿರುವ ಮರಿಗೆ ಮೈ ತುಂಬಲು ಮೆತ್ತಗಿನ, ಪ್ರೋಟೀನು ತುಂಬಿದ ಆಹಾರ ಬೇಕು. ಒಣ ಕಾಳು ಅದಕ್ಕೆ ಜೀರ್ಣವಾಗುವುದಿಲ್ಲ. ಉತ್ತರ ಅಮೆರಿಕದ ಚಿಕಡಿ ಎಂಬ ಹಕ್ಕಿ ನಮ್ಮ ಗುಬ್ಬಚ್ಚಿಗಿಂತಲೂ ಚಿಕ್ಕದು. ಅದು ಒಂದು ಗೂಡಿನ ಮರಿಗಳನ್ನು ಹಾರುವ ತನಕ ಸಾಕಲು 6,000ದಿಂದ 9,000 ಎಲೆಹುಳುಗಳನ್ನು ಹೊತ್ತು ತರಬೇಕೆಂದು ಲೆಕ್ಕ ಹಾಕಿದ್ದಾರೆ. ಅಷ್ಟು ಹುಳು ಎಲ್ಲಿಂದ ಬರಬೇಕು? ನಿಮ್ಮ, ಪಕ್ಕದವರ ಗಿಡಗಳಿಂದ.

ಹಾಗಾಗಿ ಕೀಟನಾಶಕ ನಿಲ್ಲಿಸಿ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಒಂದು ಕೈಯಲ್ಲಿ ಔಷಧಿ ಸಿಂಪಡಿಸಿ ಇನ್ನೊಂದು ಕೈಯಲ್ಲಿ ಕಾಳು ಹಾಕುವುದು ವ್ಯರ್ಥ. ಇಲಿಪಾಷಾಣವೂ ಅಷ್ಟೇ. ಅದನ್ನು ತಿಂದ ಇಲಿಯನ್ನು ಗೂಬೆ ತಿನ್ನುತ್ತದೆ, ವಿಷ ಅದಕ್ಕೂ ಏರುತ್ತದೆ.

ಗಿಡ ಆರಿಸುವಾಗ ನಿಮ್ಮ ನೆಲದಲ್ಲಿ ತಾನಾಗಿ ಬೆಳೆಯುವ ಜಾತಿಗಳಿಗೆ ಮೊದಲ ಮಣೆ ಹಾಕಿ. ಅಲ್ಲಿನ ಹುಳುಗಳು ಆ ಎಲೆಗೆ ಹೊಂದಿಕೊಂಡಿರುತ್ತವೆ. ದೂರದ ದೇಶದಿಂದ ತಂದ ಅಲಂಕಾರದ ಗಿಡದ ಎಲೆಯಲ್ಲಿ ಒಂದು ತೂತೂ ಕಾಣಿಸುವುದಿಲ್ಲ, ನೋಡಿ. ಮಾಲಿಗೆ ಅದು ಹೆಮ್ಮೆ, ಹಕ್ಕಿಗೆ ಖಾಲಿ ತಟ್ಟೆ. ಬೇಕಾದದ್ದು ಇಷ್ಟು: ಕೊಳವೆಯಂಥ ಹೂ ಬಿಡುವ ಒಂದೆರಡು ಗಿಡ, ಸಣ್ಣ ಹಣ್ಣು ಬಿಡುವ ಒಂದು ಮರ ಅಥವಾ ಪೊದೆ, ಒತ್ತೊತ್ತಾಗಿ ಬೆಳೆಯುವ ಮುಳ್ಳಿನ ಪೊದೆ ಒಂದು. ಹುಲ್ಲು ತೆನೆ ಬಿಟ್ಟು ಒಣಗುವ ತನಕ ಕತ್ತರಿಸದ ಒಂದು ಮೂಲೆಯೂ ಇರಲಿ. ಜಾಗ ಇಲ್ಲ, ಬರೀ ಬಾಲ್ಕನಿ ಅನ್ನುವವರು ಹೂಬಳ್ಳಿಯ ಒಂದು ಕುಂಡ, ನೀರಿನ ಒಂದು ತಟ್ಟೆ ಇಟ್ಟರೆ ಸಾಕು.

ಉದುರಿದ ಎಲೆಯನ್ನು ಒಂದು ಮೂಲೆಯಲ್ಲಿ ಹಾಗೇ ಬಿಡಿ. ಹರಟೆಮಲ್ಲಗಳು ಗುಂಪಾಗಿ ಬಂದು ಒಂದೊಂದೇ ಎಲೆಯನ್ನು ಮಗುಚಿ ಕೆಳಗೆ ಏನಿದೆ ಎಂದು ನೋಡುವುದು ನೋಡಿದರೆ ಕಸ ಗುಡಿಸಲು ಮನಸ್ಸೇ ಬರುವುದಿಲ್ಲ. ಪಕ್ಕದಲ್ಲೇ ಮೊರದಷ್ಟು ಅಗಲದ ಒಣ ಮಣ್ಣಿನ ಗುಂಡಿ ಇರಲಿ. ಗುಬ್ಬಚ್ಚಿಗಳು ಅದರಲ್ಲಿ ಹೊರಳಾಡುತ್ತವೆ. ಇದಕ್ಕೆ ಮಣ್ಣುಸ್ನಾನ ಅನ್ನುತ್ತಾರೆ, ಪುಕ್ಕವನ್ನು ಚೊಕ್ಕಟವಾಗಿ ಇಟ್ಟುಕೊಳ್ಳಲು ಅವು ಮಾಡುವ ಉಪಾಯ.

ಹಂತ 4: ಫೀಡರ್ ಎಲ್ಲಿ, ಎಂಥದ್ದು

ನೀರಿಗೆ ಹಕ್ಕಿ ಬರತೊಡಗಿದ ಮೇಲೆ ಫೀಡರ್ ಯೋಚಿಸಿ. ಮೂರು ಬಗೆ ತಿಳಿದಿದ್ದರೆ ಸಾಕು.

ತೆರೆದ ತಟ್ಟೆ ಎಲ್ಲ ಹಕ್ಕಿಗೂ ಅನುಕೂಲ, ಆದರೆ ಹಿಕ್ಕೆ ನೇರವಾಗಿ ಆಹಾರದ ಮೇಲೆ ಬೀಳುತ್ತದೆ, ಮಳೆಗೆ ನೆನೆಯುತ್ತದೆ. ತಳಕ್ಕೆ ಜಾಲರಿಯೋ ತೂತುಗಳೋ ಇರಲೇಬೇಕು. ಕೊಳವೆ ಫೀಡರ್‌ನಲ್ಲಿ ಸಣ್ಣ ಕಿಂಡಿಗಳೂ ಕೂರಲು ಕಡ್ಡಿಗಳೂ ಇರುತ್ತವೆ. ಗುಬ್ಬಚ್ಚಿಯಂಥ ಚಿಕ್ಕ ಹಕ್ಕಿಗೆ ಇದೇ ಉತ್ತಮ. ಮೂರನೆಯದು ಪಂಜರದ ಫೀಡರ್: ಕೊಳವೆಯ ಸುತ್ತ ತಂತಿಯ ಗೂಡು, ನಡುವೆ ಸುಮಾರು 4 ಸೆಂಟಿಮೀಟರ್ ಸಂದು. ಚಿಕ್ಕವು ಒಳಗೆ ನುಗ್ಗುತ್ತವೆ, ಪಾರಿವಾಳ ಹೊರಗೇ ಉಳಿಯುತ್ತದೆ. ಪಾರಿವಾಳದ ಕಾಟ ಇರುವವರು ಬೇರೆ ಯೋಚನೆಯೇ ಮಾಡಬೇಡಿ, ಇದನ್ನೇ ತನ್ನಿ.

ಜಾಗದ ವಿಷಯದಲ್ಲಿ ಪೊದೆಯಿಂದ 2–3 ಮೀಟರ್ ಎಂಬ ಲೆಕ್ಕ ಇಲ್ಲೂ ಅದೇ. ಎತ್ತರ ನೆಲದಿಂದ ಒಂದೂವರೆ ಮೀಟರ್‌ಗೆ ಕಡಿಮೆ ಬೇಡ.

ಇನ್ನು ಕಿಟಕಿ. ಇದು ತಮಾಷೆಯ ಲೆಕ್ಕ ಅನಿಸಬಹುದು. ಫೀಡರ್ ಅನ್ನು ಕಿಟಕಿಗೆ 1 ಮೀಟರ್ ಒಳಗೆ ಇಡಿ, ಇಲ್ಲವೇ 10 ಮೀಟರ್ ಆಚೆ ಇಡಿ. ನಡುವೆ ಬೇಡ. ಗಾಜಿನಲ್ಲಿ ಮರ, ಆಕಾಶ ಕಾಣಿಸುತ್ತದೆ. ಗಾಬರಿಯಾಗಿ ಎದ್ದ ಹಕ್ಕಿ ಅದನ್ನೇ ನಿಜವಾದ ಮರ ಎಂದುಕೊಂಡು ನುಗ್ಗುತ್ತದೆ. ತೀರಾ ಹತ್ತಿರವಿದ್ದರೆ ವೇಗ ಹಿಡಿಯುವ ಮೊದಲೇ ಗಾಜು ತಾಗುತ್ತದೆ, ಪೆಟ್ಟು ಜೋರಾಗಿ ಬೀಳುವುದಿಲ್ಲ. 4–5 ಮೀಟರ್ ದೂರವಾದರೆ ಪೂರ್ತಿ ವೇಗದಲ್ಲಿ ಬಂದು ಬಡಿಯುತ್ತದೆ. ನನ್ನ ಮೊದಲ ಫೀಡರ್ ಇದ್ದದ್ದು ಸರಿಯಾಗಿ ಆ ದೂರದಲ್ಲೇ. ಆ ಶಬ್ದ ಇನ್ನೂ ಮರೆತಿಲ್ಲ.

ಹಂತ 5: ಏನು ಹಾಕಬೇಕು, ಏನು ಹಾಕಬಾರದು

ಅಂತೂ ಕಾಳಿನ ಹತ್ತಿರ ಬಂದೆವು.

ಗುಬ್ಬಚ್ಚಿ, ಬೆಳವದಂಥವಕ್ಕೆ ನವಣೆ, ಸಜ್ಜೆ, ಒಡೆದ ಜೋಳ. ಗಿಳಿಗಳಿಗೂ ದಪ್ಪ ಕೊಕ್ಕಿನ ಇತರ ಹಕ್ಕಿಗಳಿಗೂ ಸೂರ್ಯಕಾಂತಿ ಬೀಜ. ಪಟ್ಟೆ ಇರುವುದಕ್ಕಿಂತ ಪೂರ್ತಿ ಕಪ್ಪು ಬೀಜ ಒಳ್ಳೆಯದು. ಅದರ ಸಿಪ್ಪೆ ತೆಳು, ಎಣ್ಣೆ ಜಾಸ್ತಿ. ಹಣ್ಣು ತಿನ್ನುವವಕ್ಕೆ ಮಾಗಿದ ಬಾಳೆ, ಪಪಾಯ, ಪೇರಲೆ. ಅರ್ಧ ಕತ್ತರಿಸಿ ಮೊಳೆಗೆ ಸಿಕ್ಕಿಸಿದರೆ ಆಯಿತು. ಸಂಜೆಗೆ ಉಳಿದದ್ದನ್ನು ತೆಗೆದುಬಿಡಿ.

ಕಡಲೆಕಾಯಿ ಬೀಜ ಎಂದರೆ ಬಹಳ ಹಕ್ಕಿಗಳಿಗೆ ಪ್ರಾಣ. ಆದರೆ ಎರಡು ಎಚ್ಚರಿಕೆ. ಉಪ್ಪು ಹಾಕಿದ್ದು, ಹುರಿದು ಮಸಾಲೆ ಹಚ್ಚಿದ್ದು ಬೇಡ. ತೇವಕ್ಕೆ ಸಿಕ್ಕಿ ಬೂಷ್ಟು ಹಿಡಿದದ್ದಂತೂ ಬೇಡವೇ ಬೇಡ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಹಕ್ಕಿಯ ಯಕೃತ್ತನ್ನು ಹಾಳುಮಾಡುತ್ತದೆ. ಮರಿ ಮಾಡುವ ಕಾಲದಲ್ಲಿ ಇಡೀ ಬೀಜ ಹಾಕಬೇಡಿ, ತಾಯಿ ಒಯ್ದು ಮರಿಯ ಬಾಯಿಗಿಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಹಾಕಿ.

ಹಾಕಬಾರದ್ದು ಯಾವುದೆಂದರೆ: ಉಪ್ಪು ಇರುವ ಕುರುಕಲು ತಿಂಡಿ, ಚಾಕೊಲೇಟ್, ಆವಕಾಡೊ ಅಂದರೆ ಬೆಣ್ಣೆಹಣ್ಣು. ಕೊನೆಯ ಎರಡು ಹಕ್ಕಿಗಳ ಪಾಲಿಗೆ ವಿಷ. ಹಾಲು ಕೂಡ ಬೇಡ, ಅದರ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಹಕ್ಕಿಗಳಿಗಿಲ್ಲ. ಬ್ರೆಡ್ಡು ತಿಂದು ಸಾಯುವುದಿಲ್ಲ, ಆದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಅಂದ ಹಾಗೆ, ಒಣ ಅಕ್ಕಿ ತಿಂದರೆ ಹಕ್ಕಿಯ ಹೊಟ್ಟೆ ಉಬ್ಬಿ ಒಡೆಯುತ್ತದೆ ಎಂಬ ಮಾತು ಓಡಾಡುತ್ತಿದೆಯಲ್ಲ, ಅದು ಸುಳ್ಳು. ಗದ್ದೆಗಿಳಿದು ಬತ್ತ ತಿನ್ನುವ ಹಕ್ಕಿಗಳನ್ನು ನೋಡಿಲ್ಲವೇ?

ಸಕ್ಕರೆ ನೀರಿನ ಬಗ್ಗೆ ತುಂಬ ಜನ ಕೇಳುತ್ತಾರೆ. ಇದು ಮುಖ್ಯವಾಗಿ ಅಮೆರಿಕ ಖಂಡಗಳ ಹಮ್ಮಿಂಗ್‌ಬರ್ಡ್‌ಗಳಿಗೆ ಇಡುವ ಪದ್ಧತಿ, ಬೇರೆಡೆ ಆ ಹಕ್ಕಿ ಇಲ್ಲ. ಇಡುವುದಾದರೆ ಅಳತೆ ಹೀಗೆ: 1 ಪಾಲು ಬಿಳಿ ಸಕ್ಕರೆ, 4 ಪಾಲು ನೀರು. ಬೆಲ್ಲ ಬೇಡ, ಜೇನು ಬೇಡ, ಕೆಂಪು ಬಣ್ಣವೂ ಬೇಡ. ಜೇನು ಬೆರೆಸಿದ ನೀರಲ್ಲಿ ಶಿಲೀಂಧ್ರ ಬೇಗ ಬೆಳೆಯುತ್ತದೆ. ಬಿಸಿ ಹವೆಯಲ್ಲಿ ಎರಡು ದಿನಕ್ಕೊಮ್ಮೆ ಬದಲಿಸಿ, ಬಾಟಲಿ ತೊಳೆಯಬೇಕು. ಅಷ್ಟು ರಗಳೆ ಯಾಕೆ ಅನ್ನುವುದು ನನ್ನ ಅಭಿಪ್ರಾಯ. ಸೂರಕ್ಕಿಗೆ ಒಂದು ಹೂಗಿಡ ನೆಟ್ಟರೆ ಅದು ತಾನೇ ತುಂಬಿಕೊಳ್ಳುವ ಫೀಡರ್.

ಎಷ್ಟು ಹಾಕಬೇಕು? ಸಂಜೆಯೊಳಗೆ ಖಾಲಿಯಾಗುವಷ್ಟು. ಮೊದಲ ದಿನ ಒಂದು ಹಿಡಿ. ಖಾಲಿಯಾದರೆ ಮಾರನೆಯ ದಿನ ಒಂದೂವರೆ ಹಿಡಿ. ರಾತ್ರಿಗೆ ಕಾಳು ಉಳಿಯಿತೆಂದರೆ ಇಲಿಗೆ ಕರೆಯೋಲೆ ಕೊಟ್ಟಂತೆ.

ಇಲ್ಲಿ ಹೊಸಬರೆಲ್ಲ ಮೋಸಹೋಗುವ ಒಂದು ಸಂಗತಿ ಇದೆ, ನಾನೂ ಹೋಗಿದ್ದೇನೆ. ಗುಬ್ಬಚ್ಚಿ ನವಣೆಯ ಕಾಳನ್ನು ನುಂಗುವುದಿಲ್ಲ. ಕೊಕ್ಕಿನ ಅಂಚಿನಲ್ಲಿ ಉರುಳಿಸಿ, ಒಡೆದು, ತಿರುಳನ್ನು ತಿಂದು, ಸಿಪ್ಪೆಯನ್ನು ಅಲ್ಲೇ ಬೀಳಿಸುತ್ತದೆ. ಸಿಪ್ಪೆಯ ಬಣ್ಣ, ಆಕಾರ ಕಾಳಿನದ್ದೇ. ದೂರದಿಂದ ತಟ್ಟೆ ತುಂಬಿರುವಂತೆ ಕಾಣಿಸುತ್ತದೆ. "ತಿನ್ನುತ್ತಲೇ ಇಲ್ಲ" ಎಂದುಕೊಂಡು ನಾವು ಹೊಸದು ಹಾಕುವುದಿಲ್ಲ. ಹಕ್ಕಿ ಎರಡು ದಿನ ಬಂದು ನೋಡಿ ಬೇರೆ ದಾರಿ ಹಿಡಿಯುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ತಟ್ಟೆಗೆ ಒಮ್ಮೆ ಉಫ್ ಎಂದು ಊದಿ. ಹೊಟ್ಟು ಹಾರಿಹೋಗುತ್ತದೆ, ಉಳಿದದ್ದು ಕಾಳು. ಊದುವಾಗ ಕಣ್ಣು ಮುಚ್ಚಿಕೊಳ್ಳಿ, ಮುಖ ಹಿಂದಕ್ಕಿರಲಿ.

ಹಂತ 6: ತೊಳೆಯುವುದು

ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಕಾಡಿನಲ್ಲಿ ಹಕ್ಕಿಗಳು ಚದುರಿ ತಿನ್ನುತ್ತವೆ. ಫೀಡರ್‌ನಲ್ಲಿ ಹತ್ತು ಹಕ್ಕಿ ಒಂದೇ ತಟ್ಟೆಗೆ ಕೊಕ್ಕು ಹಾಕುತ್ತವೆ. ಒಂದಕ್ಕೆ ರೋಗವಿದ್ದರೆ ಹತ್ತಕ್ಕೂ ದಾಟುತ್ತದೆ. ಬ್ರಿಟನ್ನಿನಲ್ಲಿ ಗ್ರೀನ್‌ಫಿಂಚ್ ಎಂಬ ಹಸಿರು ಹಕ್ಕಿ ಪ್ರತಿ ತೋಟದಲ್ಲೂ ಕಾಣಿಸುತ್ತಿತ್ತು. 2005ರ ಸುಮಾರಿಗೆ ಟ್ರೈಕೊಮೊನೋಸಿಸ್ ಎಂಬ ಗಂಟಲಿನ ರೋಗ ಕಾಣಿಸಿಕೊಂಡ ಮೇಲೆ ಅದರ ಸಂಖ್ಯೆ ದಿಢೀರನೆ ಕುಸಿಯಿತು. ಈ ರೋಗ ಹಕ್ಕಿಯ ಎಂಜಲಿನಿಂದ, ಎಂಜಲು ತಾಗಿದ ಆಹಾರ ಮತ್ತು ನೀರಿನಿಂದ ಹರಡುತ್ತದೆ. ಜನ ಪ್ರೀತಿಯಿಂದ ಇಟ್ಟ ಫೀಡರ್‌ಗಳೂ ಅದಕ್ಕೆ ದಾರಿಯಾದವು.

ವಾರಕ್ಕೊಮ್ಮೆ ಫೀಡರ್ ಬಿಚ್ಚಿ. ಒಣ ಹಿಕ್ಕೆ, ಅಂಟಿದ ಕಾಳು ಎಲ್ಲವನ್ನೂ ಬಿಸಿನೀರಲ್ಲಿ ಉಜ್ಜಿ ತೆಗೆಯಿರಿ. ಆಮೇಲೆ 9 ಪಾಲು ನೀರಿಗೆ 1 ಪಾಲು ಬ್ಲೀಚ್ ಬೆರೆಸಿ ಹತ್ತು ನಿಮಿಷ ಮುಳುಗಿಸಿಡಿ. ಬ್ಲೀಚ್ ಅಂದರೆ ಬಟ್ಟೆ ಬಿಳಿ ಮಾಡಲು ಬಳಸುವ ಕ್ಲೋರಿನ್ ದ್ರಾವಣ. ಅದನ್ನು ಬೇರೆ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಚೆನ್ನಾಗಿ ಜಾಲಿಸಿ. ಪೂರ್ತಿ ಒಣಗಿದ ಮೇಲೇ ಕಾಳು ತುಂಬಿ. ಒದ್ದೆ ಫೀಡರ್‌ಗೆ ಹಾಕಿದ ಕಾಳು ಒಂದೇ ರಾತ್ರಿಯಲ್ಲಿ ಮುಗ್ಗಲು ಹಿಡಿಯಬಹುದು.

ಇದಕ್ಕೆಂದೇ ಬೇರೆ ಬ್ರಷ್ ಇರಲಿ, ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಕೈಗವಸು ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಕೆಳಗೆ ಬಿದ್ದ ಒಣ ಹಿಕ್ಕೆಯನ್ನು ಹಾಗೇ ಗುಡಿಸಿದರೆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ನೀರು ಚಿಮುಕಿಸಿ.

ಮೈ ಉಬ್ಬಿಸಿಕೊಂಡು ಮಂಕಾಗಿ ಕೂತ, ಹತ್ತಿರ ಹೋದರೂ ಹಾರದ, ಕಣ್ಣು ಊದಿಕೊಂಡ ಹಕ್ಕಿ ಕಂಡರೆ ಅಂದೇ ಫೀಡರ್ ಕೆಳಗಿಳಿಸಿ, ನೀರಿನ ತಟ್ಟೆಯನ್ನೂ ಎತ್ತಿಡಿ. ಕಡಿಮೆಯೆಂದರೆ ಎರಡು ವಾರ. ಪಾಪ ಅನಿಸುತ್ತದೆ, ನಿಜ. ಆದರೆ ಹಕ್ಕಿಗಳು ಚದುರಿ ಹೋಗುವುದೇ ಆಗ ಅವಕ್ಕೆ ಮದ್ದು.

ಹಂತ 7: ಬೆಕ್ಕು, ಗಾಜು, ಅಳಿಲು

ಬೆಕ್ಕು ಸಾಕಿರುವವರು ಬೆಳಿಗ್ಗೆ, ಸಂಜೆ ಅದನ್ನು ಒಳಗೇ ಇಟ್ಟುಕೊಳ್ಳಿ. ಕೊರಳಿಗೆ ಗಂಟೆ ಕಟ್ಟಿದರೆ ಸ್ವಲ್ಪ ಉಪಯೋಗ, ಪೂರ್ತಿ ಅಲ್ಲ. ಇನ್ನೂ ಹಾರಲು ಬಾರದ ಮರಿಗೆ ಗಂಟೆ ಕೇಳಿಸಿದರೂ ಎಲ್ಲಿಗೆ ಹೋಗಬೇಕು?

ಗಾಜಿಗೆ ಹೊರಗಡೆಯಿಂದ ಗುರುತು ಹಾಕಿ. ಗಿಡುಗದ ಚಿತ್ರ ಒಂದೇ ಒಂದು ಅಂಟಿಸಿದರೆ ಏನೂ ಆಗುವುದಿಲ್ಲ, ಹಕ್ಕಿ ಅದರ ಪಕ್ಕದಿಂದ ಹೋಗಲು ನೋಡುತ್ತದೆ. ಗುರುತುಗಳ ನಡುವೆ 5 ಸೆಂಟಿಮೀಟರ್‌ಗಿಂತ ಜಾಸ್ತಿ ಸಂದು ಇರಬಾರದು. ಸೋಪಿನಿಂದ ಗೆರೆ ಎಳೆದರೂ ಆದೀತು. ಬಡಿದು ಬಿದ್ದ ಹಕ್ಕಿಯನ್ನು ಗಾಳಿಯಾಡುವ ತೂತಿರುವ ರಟ್ಟಿನ ಡಬ್ಬದಲ್ಲಿ ಹಾಕಿ ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ನೀರು ಕುಡಿಸಲು ಹೋಗಬೇಡಿ. ಅರ್ಧ ಗಂಟೆ ಬಿಟ್ಟು ಹೊರಗೆ ಒಯ್ದು ಮುಚ್ಚಳ ತೆಗೆಯಿರಿ. ಹಾರಿಹೋದರೆ ಸರಿ. ಹಾರದಿದ್ದರೆ ಹತ್ತಿರದ ವನ್ಯಜೀವಿ ರಕ್ಷಕರಿಗೋ ಪಶುವೈದ್ಯರಿಗೋ ತೋರಿಸಿ.

ಅಳಿಲಿನ ಜೊತೆ ಯುದ್ಧಕ್ಕಿಳಿದವರು ಗೆದ್ದದ್ದನ್ನು ನಾನು ಕಂಡಿಲ್ಲ. ಫೀಡರ್ ಅನ್ನು ಕಂಬಕ್ಕೆ ಹಾಕಿ, ಮರದಿಂದ 3 ಮೀಟರ್ ದೂರವಿಟ್ಟು, ಕಂಬಕ್ಕೆ ಬ್ಯಾಫಲ್ ಕಟ್ಟಿದರೆ ಕಾಟ ಕಮ್ಮಿಯಾಗುತ್ತದೆ. ಬ್ಯಾಫಲ್ ಅಂದರೆ ಕೊಡೆಯಂತೆ ಕೆಳಮುಖ ಬಾಗಿದ ನುಣುಪಾದ ತಗಡು, ಅಳಿಲು ಅದನ್ನು ದಾಟಿ ಹತ್ತಲಾರದು. ಮೆಣಸಿನ ಖಾರ ಹಕ್ಕಿಗಳಿಗೆ ತಾಗುವುದೇ ಇಲ್ಲ, ಅಳಿಲಿಗೆ ತಾಗುತ್ತದೆ. ಅದಕ್ಕೇ ಕೆಲವರು ಕಾಳಿಗೆ ಖಾರ ಬೆರೆಸುತ್ತಾರೆ. ಪುಡಿ ಗಾಳಿಗೆ ಎದ್ದು ಕಣ್ಣಿಗೆ ಹೋಗುತ್ತದೆ, ಹಕ್ಕಿಯ ಕಣ್ಣಿಗೂ ನಿಮ್ಮ ಕಣ್ಣಿಗೂ. ನಾನಂತೂ ಅಳಿಲಿಗೆ ಬೇರೆಯದೇ ಒಂದು ಮೂಲೆಯಲ್ಲಿ ಸ್ವಲ್ಪ ಕಡಲೆಕಾಯಿ ಇಟ್ಟು ಶಾಂತಿ ಒಪ್ಪಂದ ಮಾಡಿಕೊಂಡಿದ್ದೇನೆ.

ಗಿಡುಗ ಬಂದು ಒಂದು ಹಕ್ಕಿಯನ್ನು ಎತ್ತಿಕೊಂಡು ಹೋದರೆ ನೊಂದುಕೊಳ್ಳಬೇಡಿ, ಅದೂ ಹಕ್ಕಿಯೇ. ದಿನಾ ಬರತೊಡಗಿದರೆ ನಾಲ್ಕೈದು ದಿನ ಕಾಳು ನಿಲ್ಲಿಸಿ.

ಹಂತ 8: ಗೂಡಿನ ಪೆಟ್ಟಿಗೆ

ಎಲ್ಲ ಹಕ್ಕಿಯೂ ಪೆಟ್ಟಿಗೆಗೆ ಬರುವುದಿಲ್ಲ. ಪೊಟರೆಯಲ್ಲಿ, ಗೋಡೆಯ ಸಂದಿಯಲ್ಲಿ ಗೂಡು ಕಟ್ಟುವವು ಮಾತ್ರ ಬರುತ್ತವೆ. ಪಿಕಳಾರಕ್ಕೆ ಪೊದೆಯೇ ಬೇಕು.

ಗುಬ್ಬಚ್ಚಿಗಾದರೆ ತಳ 15 ಸೆಂಟಿಮೀಟರ್ ಉದ್ದಗಲ, ಎತ್ತರ 20–25 ಸೆಂಟಿಮೀಟರ್. ಬಾಗಿಲ ತೂತು 32 ಮಿಲಿಮೀಟರ್ ಅಗಲ, ತಳದಿಂದ ಕಡಿಮೆಯೆಂದರೆ 12 ಸೆಂಟಿಮೀಟರ್ ಮೇಲೆ. ತೂತಿನ ಮುಂದೆ ಕೂರಲು ಕಡ್ಡಿ ಇಡುತ್ತಾರಲ್ಲ, ಅದು ಬೇಡ. ಗುಬ್ಬಚ್ಚಿಗೆ ಅದರ ಅಗತ್ಯವಿಲ್ಲ, ಕಾಗೆಗೆ ಮಾತ್ರ ಅದು ಮರಿ ಕದಿಯಲು ಮೆಟ್ಟಿಲು. ಬಣ್ಣ ಬಳಿಯದ ಮರವಾದರೆ ಒಳ್ಳೆಯದು. ತಗಡು, ಪ್ಲಾಸ್ಟಿಕ್ ಬಿಸಿಲಿಗೆ ಕಾದು ಮರಿಗಳನ್ನು ಬೇಯಿಸಿಬಿಡುತ್ತವೆ. ಸುಮಾರು 3 ಮೀಟರ್ ಎತ್ತರದಲ್ಲಿ, ಮಧ್ಯಾಹ್ನದ ಬಿಸಿಲು ತಾಗದ ಗೋಡೆಗೆ ಗಟ್ಟಿಯಾಗಿ ಬಿಗಿಯಿರಿ, ತೂಗಾಡಬಾರದು. ಫೀಡರ್ ಪಕ್ಕದಲ್ಲೇ ಬೇಡ, ಅಲ್ಲಿನ ಸಂತೆಯಲ್ಲಿ ಯಾವ ಹಕ್ಕಿಯೂ ಸಂಸಾರ ಹೂಡುವುದಿಲ್ಲ.

ಒಂದು ಮಾತು: ಅಮೆರಿಕದಲ್ಲಿರುವ ಓದುಗರು ಗುಬ್ಬಚ್ಚಿಗೆ ಪೆಟ್ಟಿಗೆ ಇಡಬೇಡಿ. ಅಲ್ಲಿಗೆ ಅದನ್ನು 1850ರ ದಶಕದಲ್ಲಿ ಯುರೋಪಿನಿಂದ ತಂದು ಬಿಟ್ಟದ್ದು. ಅಲ್ಲಿನ ನೀಲಿ ಹಕ್ಕಿಗಳ ಪೊಟರೆಗಳನ್ನು ಅದು ಕಸಿದುಕೊಳ್ಳುತ್ತದೆ. ಇಲ್ಲಿ ಕಾಪಾಡಬೇಕಾದದ್ದು ಅಲ್ಲಿ ಹೊರೆ.

ಗೂಡಿಗೆಂದು ನೈಲಾನ್ ದಾರ, ಉದ್ದ ಕೂದಲು ನೇತುಹಾಕಬೇಡಿ, ಮರಿಯ ಕಾಲಿಗೆ ಸುತ್ತಿಕೊಂಡು ಬಿಗಿಯುತ್ತದೆ. ಒಣಹುಲ್ಲು, ತುಂಡು ಮಾಡಿದ ನಾರು ಸಾಕು. ಹಕ್ಕಿ ಒಳಗೆ ಸೇರಿದ ಮೇಲೆ ಪೆಟ್ಟಿಗೆ ತೆರೆದು ಇಣುಕುವುದೂ ಬೇಡ. ಫೋಟೊ ಆಸೆಗೆ ಗೂಡು ಬಿಟ್ಟುಹೋದ ಹಕ್ಕಿಗಳು ಎಷ್ಟೋ.

ಮತ್ತೆ ಮತ್ತೆ ಬರುವ ನಾಲ್ಕು ಪ್ರಶ್ನೆ

ಎಷ್ಟು ದಿನ ಕಾಯಬೇಕು? ನೀರಿಗೆ ಕೆಲವೇ ದಿನಗಳಲ್ಲಿ ಬರಬಹುದು. ಹೊಸ ಫೀಡರ್‌ಗೆ ಕೆಲವು ವಾರ ಹಿಡಿದರೂ ಆಶ್ಚರ್ಯವಿಲ್ಲ. ದಿನಕ್ಕೊಂದು ಜಾಗಕ್ಕೆ ಅದನ್ನು ಎತ್ತಿಡುತ್ತಿದ್ದರೆ ಇನ್ನೂ ತಡ. ಒಂದು ಕಡೆ ಇಟ್ಟು ಮರೆತುಬಿಡಿ.

ಕೆಳಗೆ ಬಿದ್ದ ಮರಿಯನ್ನು ಮುಟ್ಟಿದರೆ ತಾಯಿ ಸೇರಿಸುವುದಿಲ್ಲವಂತೆ, ಹೌದಾ? ಅಲ್ಲ. ಪುಕ್ಕವಿಲ್ಲದ ಮರಿಯಾದರೆ ಎತ್ತಿ ಗೂಡಿಗೆ ವಾಪಸ್ ಇಡಿ, ತಾಯಿ ಸಾಕುತ್ತದೆ. ಪುಕ್ಕ ಬಂದು, ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ತಂದೆ ತಾಯಿ ಹತ್ತಿರದಲ್ಲೇ ಇರುತ್ತವೆ. ಬೆಕ್ಕನ್ನು ಒಳಗೆ ಕೂಡಿಹಾಕಿ, ನೀವೂ ಒಳಗೆ ಹೋಗಿ.

ಮೊಟ್ಟೆಯ ಸಿಪ್ಪೆ ಹಾಕಬಹುದಾ? ಹಾಕಬಹುದು, ಮೊಟ್ಟೆ ಇಡುವ ಕಾಲದಲ್ಲಿ ಹೆಣ್ಣು ಹಕ್ಕಿಗೆ ಸುಣ್ಣದಂಶ ಬೇಕು. ಚೆನ್ನಾಗಿ ಕುದಿಸಿ, ಒಣಗಿಸಿ, ಪುಡಿ ಮಾಡಿ ಹಾಕಿ. ಹಸಿಯಾಗಿ ಹಾಕಿದರೆ ಸಾಲ್ಮೊನೆಲ್ಲಾ ರೋಗಾಣು ಹರಡುವ ಅಪಾಯ.

ಊರಿಗೆ ಹೋದರೆ ಹಕ್ಕಿಗಳ ಗತಿ? ಉಪವಾಸ ಬೀಳುವುದಿಲ್ಲ. ಮೇಲೆ ಹೇಳಿದ ಚಿಕಡಿಗಳನ್ನೇ ಚಳಿಗಾಲದಲ್ಲಿ ಅಧ್ಯಯನ ಮಾಡಿದಾಗ, ಫೀಡರ್ ಪಕ್ಕದಲ್ಲೇ ಇದ್ದರೂ ಅವುಗಳಿಗೆ ಬೇಕಾದ ಶಕ್ತಿಯಲ್ಲಿ ಐದನೇ ಒಂದು ಪಾಲಿನಷ್ಟು ಮಾತ್ರ ಅಲ್ಲಿಂದ ಸಿಗುತ್ತಿತ್ತು. ಉಳಿದದ್ದನ್ನು ಅವೇ ಹುಡುಕಿಕೊಳ್ಳುತ್ತಿದ್ದವು. ಹೊರಡುವ ಮುಂಚೆ ಫೀಡರ್ ಖಾಲಿ ಮಾಡಿ, ತೊಳೆದು, ಮಗುಚಿಡಿ. ನೀರಿನ ತಟ್ಟೆಯನ್ನು ದಿನಾ ತೊಳೆದು ತುಂಬಲು ಪಕ್ಕದ ಮನೆಯವರು ಒಪ್ಪಿದರೆ ಅದು ಇರಲಿ. ಇಲ್ಲದಿದ್ದರೆ ಅದನ್ನೂ ಮಗುಚಿಡಿ, ವಾಪಸ್ ಬರುವಷ್ಟರಲ್ಲಿ ಸೊಳ್ಳೆ ಸಾಕಿದಂತಾಗಬಾರದು.